ಅಮಾನತ್ತಿನ ಇನ್ನೊಂದು ಮುಖ: ಸಂಸ್ಥೆಗಳ ಕೈಯಲ್ಲಿರುವ ಮಾಹಿತಿ

(ಜಮಾಅತ್, ಟ್ರಸ್ಟ್ ಹಾಗೂ ವಿದ್ಯಾಸಂಸ್ಥೆಗಳ ಪದಾಧಿಕಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಸ್ಥೆಗಳ ಆಡಳಿತದ ಬಗ್ಗೆ ಚರ್ಚಿಸಲು ನಾವು ಸೇರಿದಾಗಲೆಲ್ಲ ಮಾತು ಸಾಮಾನ್ಯವಾಗಿ ಎರಡು ವಿಷಯಗಳ ಸುತ್ತ ಸುತ್ತುತ್ತದೆ. ಒಂದು ಹಣ, ಇನ್ನೊಂದು ಕಟ್ಟಡ. ಹಣ ಎಷ್ಟು ಬಂತು, ಎಷ್ಟು ಖರ್ಚಾಯಿತು, ಕಟ್ಟಡದ ಕೆಲಸ ಎಲ್ಲಿಯವರೆಗೆ ಬಂತು ಎಂಬ ವರದಿಯೊಂದಿಗೆ ಮಹಾಸಭೆಯು ಮುಗಿಯುತ್ತದೆ. ಆದರೆ ಪ್ರತಿಯೊಂದು ಸಂಸ್ಥೆಯ ಕೈಯಲ್ಲಿಯೂ ಮೂರನೆಯ ಸೊತ್ತೊಂದಿದೆ. ಅದನ್ನು ಯಾರೂ ಎಣಿಸುವುದಿಲ್ಲ, ಲೆಕ್ಕ ಪರಿಶೋಧಕರು ಅದರ ಬೆಲೆ ಕಟ್ಟುವುದಿಲ್ಲ, ವಾರ್ಷಿಕ ವರದಿಯಲ್ಲಿ ಅದಕ್ಕೆ ಒಂದು ಸಾಲಿನ ಸ್ಥಾನವೂ ದೊರೆಯುವುದಿಲ್ಲ. ಆ ಸೊತ್ತು ಮಾಹಿತಿ.

ಒಂದು ಸಾಧಾರಣ ಜಮಾಅತ್ ಕಚೇರಿಯ ಕಪಾಟಿನಲ್ಲಿ ಏನೆಲ್ಲ ಇರುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ನಿಕಾಹ್ ದಾಖಲೆ ಪುಸ್ತಕ, ಮರಣದ ದಾಖಲೆ, ಸದಸ್ಯ ಕುಟುಂಬಗಳ ಪಟ್ಟಿ, ವಕ್ಫ್ ಸೊತ್ತಿನ ಕಾಗದಪತ್ರ, ಬಾಡಿಗೆದಾರರ ಕರಾರು, ಝಕಾತ್‌ಗೆ ಬಂದ ಅರ್ಜಿಗಳು, ವಿದ್ಯಾರ್ಥಿವೇತನ ಕೋರಿದ ಮಕ್ಕಳ ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿಗಳು, ಚಿಕಿತ್ಸೆಗೆ ನೆರವು ಕೇಳಿದವರ ವೈದ್ಯಕೀಯ ವರದಿಗಳು, ಗಂಡ ಹೆಂಡತಿಯರ ವಿವಾದ ಇತ್ಯರ್ಥಪಡಿಸಿದ ಟಿಪ್ಪಣಿಗಳು. ಒಂದು ಊರಿನ ಮಾನ, ಹಕ್ಕು, ಸಂಕಟ ಎಲ್ಲವೂ ಆ ಒಂದು ಕಪಾಟಿನೊಳಗಿವೆ. ಈಗ ಕಪಾಟಿನ ಜೊತೆಗೆ ಕಂಪ್ಯೂಟರ್ ಬಂದಿದೆ, ಕಾರ್ಯದರ್ಶಿಯ ಮೊಬೈಲ್ ಫೋನ್ ಬಂದಿದೆ, ವಾಟ್ಸ್ಆ್ಯಪ್ ಗುಂಪು ಬಂದಿದೆ. ಬೀಗ ಮಾತ್ರ ಹಳೆಯದೇ ಉಳಿದಿದೆ.

ಈ ಮಾಹಿತಿ ಯಾರದು? ಇಂದಿನ ಮಾತಿನ ತಿರುಳು ಈ ಒಂದು ಪ್ರಶ್ನೆಯಲ್ಲಿದೆ. ಕಪಾಟು ಸಂಸ್ಥೆಯದು, ಪುಸ್ತಕ ಸಂಸ್ಥೆಯದು, ಶಾಯಿಯೂ ಸಂಸ್ಥೆಯದು. ಆದರೆ ಅದರೊಳಗಿನ ಮಾಹಿತಿ ಅದು ಯಾರನ್ನು ಕುರಿತದ್ದೋ ಅವರಿಗೆ ಸೇರಿದ್ದು. ಸಂಸ್ಥೆಯು ಅದರ ಕಾವಲುಗಾರ ಮಾತ್ರ. ಒಡವೆಯನ್ನು ಒಪ್ಪಿಸಿ ಹೋದವನ ಒಡವೆಯಂತೆ ಅದು ಅಮಾನತ್ತು. ಅಮಾನತ್ತಿಗೆ ಎರಡು ಕರ್ತವ್ಯಗಳಿವೆ: ಅದನ್ನು ಕಳೆದುಕೊಳ್ಳಬಾರದು ಮತ್ತು ಅದನ್ನು ಬೀದಿಯಲ್ಲಿ ತೋರಿಸಬಾರದು. ವಿಷಾದದ ಸಂಗತಿಯೆಂದರೆ, ಬಹಳಷ್ಟು ಸಂಸ್ಥೆಗಳಲ್ಲಿ ಇದು ತಲೆಕೆಳಗಾಗಿದೆ. ಉಳಿಸಬೇಕಾದ ದಾಖಲೆ ಗೆದ್ದಲಿನ ಪಾಲಾಗುತ್ತಿದೆ, ಮುಚ್ಚಿಡಬೇಕಾದ ವಿವರ ಊರಿಡೀ ಹರಡುತ್ತಿದೆ.

ಮೊದಲ ಕರ್ತವ್ಯವನ್ನು ನೋಡೋಣ. ಬರೆದಿಡುವುದಕ್ಕೆ ಇಸ್ಲಾಮ್ ಕೊಟ್ಟ ಮಹತ್ವ ನಮಗೆ ಹೊಸತೇನಲ್ಲ. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತವು ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯುವವನು ನ್ಯಾಯನಿಷ್ಠನಾಗಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಉದಾಸೀನ ತೋರಬಾರದು, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು ಎಂಬ ವಿವರಗಳೆಲ್ಲ ಅಲ್ಲಿವೆ. ಪರಸ್ಪರ ವಿಶ್ವಾಸವಿದ್ದ ಮೇಲೆ ಕಾಗದವೇಕೆ ಎಂದು ಕೇಳುವವರಿಗೆ ಅಲ್ಲಿ ಉತ್ತರವಿದೆ. ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿ ವಿಶ್ವಾಸವನ್ನು ಉಳಿಸುವುದು ಕಾಗದವೇ.

ಒಂದು ನಿಕಾಹ್ ದಾಖಲೆಯ ತೂಕ ಎಷ್ಟು? ಮದುವೆಯ ದಿನ ಅದೊಂದು ಸಹಿಯ ಶಾಸ್ತ್ರ. ಆದರೆ ಪತಿ ತೀರಿಕೊಂಡ ಬಳಿಕ ಪಿಂಚಣಿಗೆ ಅರ್ಜಿ ಹಾಕುವ ವಿಧವೆಗೆ, ವಾರೀಸು ಹಕ್ಕು ಕೇಳುವ ಮಗಳಿಗೆ, ಮಹ್‌ರ್ ಎಷ್ಟೆಂದು ನಿಗದಿಯಾಗಿತ್ತು ಎಂದು ಸಾಬೀತುಪಡಿಸಬೇಕಾದ ವಿಚ್ಛೇದಿತೆಗೆ ಅದೇ ಏಕೈಕ ಆಸರೆಯಾಗಬಹುದು. ಆಗ ಆ ಪುಸ್ತಕದಲ್ಲಿ ಹೆಸರು ತಪ್ಪಾಗಿದ್ದರೆ, ಮಹ್‌ರ್‌ನ ಜಾಗ ಖಾಲಿ ಬಿಟ್ಟಿದ್ದರೆ, ಪುಟವೇ ಹರಿದು ಹೋಗಿದ್ದರೆ ನಷ್ಟ ಯಾರಿಗೆ? ಬರೆದ ಖತೀಬರಿಗಲ್ಲ, ಅಂದಿನ ಅಧ್ಯಕ್ಷರಿಗೂ ಅಲ್ಲ. ಅಂದು ವೇದಿಕೆಯಲ್ಲಿ ಕುಳಿತಿರದ ಹೆಣ್ಣಿಗೆ.

ಅಸ್ಸಾಮಿನ ಅನುಭವವನ್ನು ನೆನಪಿಸಿಕೊಳ್ಳೋಣ. 2019ರ ಆಗಸ್ಟ್ 31ರಂದು ಅಲ್ಲಿ ಪ್ರಕಟವಾದ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಮಿಕ್ಕಿದ ಜನರು ಹೊರಗುಳಿದರು. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚಿನ ದಾಖಲೆಯಲ್ಲಿ ತಮ್ಮ ಅಥವಾ ಹಿರಿಯರ ಹೆಸರನ್ನು ತೋರಿಸಬೇಕಿತ್ತು, ಆ ಹಿರಿಯರೊಂದಿಗೆ ತಮ್ಮ ಸಂಬಂಧವನ್ನು ಇನ್ನೊಂದು ದಾಖಲೆಯಿಂದ ರುಜುವಾತುಪಡಿಸಬೇಕಿತ್ತು. ಹುಟ್ಟಿದ ಮನೆಯಿಂದ ಮದುವೆಯಾಗಿ ಬೇರೆ ಊರಿಗೆ ಹೋದ ಲಕ್ಷಾಂತರ ಮಹಿಳೆಯರಿಗೆ ಈ ಎರಡನೆಯ ಕೊಂಡಿಯೇ ಕಷ್ಟವಾಯಿತು. ಗ್ರಾಮ ಪಂಚಾಯತ್ ಕಾರ್ಯದರ್ಶಿ ಕೊಟ್ಟ ಪ್ರಮಾಣಪತ್ರ ನಡೆಯುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಯೊಂದೇ ಗೌಹಾಟಿ ಹೈಕೋರ್ಟಿನಿಂದ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. ಆ ಪ್ರಕ್ರಿಯೆಯ ನ್ಯಾಯಾನ್ಯಾಯದ ಬಗ್ಗೆ ನಮಗೆ ಗಂಭೀರವಾದ ಆಕ್ಷೇಪಗಳಿವೆ. ಆದರೆ ಆಕ್ಷೇಪ ಎತ್ತುತ್ತಲೇ ಕಲಿಯಬೇಕಾದ ಪಾಠವೊಂದಿದೆ: ಹಳ್ಳಿಯ ಶಾಲೆಯೊಂದರ ದಾಖಲಾತಿ ಪುಸ್ತಕದಲ್ಲಿ ಗುಮಾಸ್ತನೊಬ್ಬ ಅಜಾಗ್ರತೆಯಿಂದ ಬರೆದ ಒಂದು ಅಕ್ಷರ ಮೂವತ್ತು ವರ್ಷಗಳ ಬಳಿಕ ಒಂದು ಕುಟುಂಬದ ಬಾಗಿಲು ತಟ್ಟಬಹುದು.

ವಕ್ಫ್‌ನ ಕಥೆಯೂ ಬೇರೆಯಲ್ಲ. 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯು ವರದಿ ಸಲ್ಲಿಸಿದಾಗ ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಸೊತ್ತುಗಳಿವೆ, ಅವುಗಳ ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ ಎಂದು ಹೇಳಿತ್ತು. ಅವುಗಳ ಮಾರುಕಟ್ಟೆ ಬೆಲೆ 1.2 ಲಕ್ಷ ಕೋಟಿ ರೂಪಾಯಿಯೆಂದು ಅಂದಾಜಿಸಿದ ಸಮಿತಿಗೆ ಕಂಡ ವಾರ್ಷಿಕ ಆದಾಯ ಸುಮಾರು 163 ಕೋಟಿ ಮಾತ್ರ. ಈ ಅಂತರಕ್ಕೆ ಅತಿಕ್ರಮಣವೂ ಕಾರಣ, ಸರಕಾರಗಳ ಅಸಡ್ಡೆಯೂ ಕಾರಣ, ಆಡಳಿತಗಾರರ ಲೋಭವೂ ಕಾರಣ. ಆದರೆ ಈ ಎಲ್ಲ ಕಾರಣಗಳಿಗೂ ದಾರಿ ಮಾಡಿಕೊಟ್ಟದ್ದು ದಾಖಲೆಯ ಕೊರತೆ. ದಾಖಲೆಯಿಲ್ಲದ ಜಮೀನನ್ನು ಕಬಳಿಸುವವನಿಗೆ ಹೆಚ್ಚು ಧೈರ್ಯ ಬೇಕಾಗುವುದಿಲ್ಲ.

1995ರ ವಕ್ಫ್ ಕಾಯ್ದೆಯು ಪ್ರತಿಯೊಂದು ವಕ್ಫ್ ನೋಂದಣಿಯಾಗಬೇಕು, ಮುತವಲ್ಲಿಯು ಲೆಕ್ಕ ಇಡಬೇಕು ಎಂದು ಸ್ಪಷ್ಟವಾಗಿ ಹೇಳಿತ್ತು. ಆ ಕೆಲಸ ಎಷ್ಟೋ ಕಡೆ ನಾಳೆಗೆ ಎಂದು ಮುಂದೂಡಲ್ಪಟ್ಟಿತು. ಆ ನಾಳೆ ಬಂದದ್ದು 2025ರಲ್ಲಿ. ಆ ವರ್ಷದ ಎಪ್ರಿಲ್ 8ರಂದು ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯು ದೀರ್ಘಕಾಲದ ಬಳಕೆಯಿಂದ ವಕ್ಫ್ ಆಗುವ ಪರಿಕಲ್ಪನೆಯನ್ನು ಮುಂದಿನ ಕಾಲಕ್ಕೆ ತೆಗೆದುಹಾಕಿತು. ಹಿಂದಿನವುಗಳ ಪೈಕಿ ಅಷ್ಟರೊಳಗೆ ನೋಂದಣಿಯಾಗಿದ್ದವುಗಳಿಗೆ ಮಾತ್ರ ರಕ್ಷಣೆ ನೀಡಿತು, ಅದೂ ವಿವಾದವಿಲ್ಲದಿದ್ದರೆ ಮತ್ತು ಸರಕಾರಿ ಸೊತ್ತಲ್ಲದಿದ್ದರೆ. ಜೂನ್ 6ರಂದು ಉಮೀದ್ ಪೋರ್ಟಲ್ ಆರಂಭವಾಯಿತು. ವಿವರ ತುಂಬಲು ಕೊಟ್ಟ ಅವಧಿ ಆರು ತಿಂಗಳು. ಅವಧಿ ವಿಸ್ತರಿಸಬೇಕೆಂಬ ಕೋರಿಕೆಯನ್ನು ಡಿಸೆಂಬರ್ 1ರಂದು ಸುಪ್ರೀಮ್ ಕೋರ್ಟು ಒಪ್ಪದೆ, ನ್ಯಾಯಮಂಡಳಿಗಳ ಬಳಿಗೆ ಹೋಗುವಂತೆ ಸೂಚಿಸಿತು. ಅವಧಿ ಮುಗಿದಾಗ ಸುಮಾರು 5.17 ಲಕ್ಷ ಸೊತ್ತುಗಳ ವಿವರ ದಾಖಲಿಸುವ ಕೆಲಸ ಆರಂಭವಾಗಿತ್ತು, ಅನುಮೋದನೆ ದೊರೆತಿದ್ದು ಸುಮಾರು 2.17 ಲಕ್ಷ ಸೊತ್ತುಗಳಿಗೆ ಎಂದು ಸಚಿವಾಲಯ ತಿಳಿಸಿತು.

ಶತಮಾನಗಳ ಸೊತ್ತಿಗೆ ಆರು ತಿಂಗಳ ಗಡುವು ಎಂಬುದು ನ್ಯಾಯವೇ ಎಂದು ನಾವು ಖಂಡಿತ ಕೇಳಬೇಕು. ಕಾನೂನಿನ ಉದ್ದೇಶವನ್ನು ಪ್ರಶ್ನಿಸುವ ಹಕ್ಕು ನಮಗೆ ಸಂವಿಧಾನದತ್ತವಾದುದು. ಆದರೆ ಆ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಎತ್ತಲಿಕ್ಕೂ ಕಾಗದ ಬೇಕು. ಘೋಷಣೆ ಕೂಗುವವನ ಸ್ವರ ಬೀದಿಯ ಕೊನೆಯವರೆಗೆ ಕೇಳಿಸೀತು. ನ್ಯಾಯಾಧೀಶರ ಮೇಜಿನವರೆಗೆ ತಲಪುವುದು ದಾಖಲೆ ಮಾತ್ರ.

ಕಂಪ್ಯೂಟರ್ ಬಂದರೆ ಎಲ್ಲವೂ ಸರಿಯಾಗುತ್ತದೆ ಎಂಬ ನಂಬಿಕೆಯೂ ಒಂದಿದೆ. ಕರ್ನಾಟಕದ 'ಭೂಮಿ' ಯೋಜನೆಯನ್ನು ಇಲ್ಲಿ ಸ್ಮರಿಸಬಹುದು. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯವು ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೆ ಮಾದರಿಯಾಯಿತು. ಗ್ರಾಮ ಲೆಕ್ಕಿಗನ ಕೈಬರಹದ ಪಹಣಿಗಾಗಿ ರೈತ ಕಾದು ಕೂರಬೇಕಾಗಿದ್ದ ಕಾಲ ಮುಗಿಯಿತು. ಆದರೆ ಕೈಬರಹದ ಪುಸ್ತಕದಲ್ಲಿದ್ದ ತಪ್ಪುಗಳು ಕಂಪ್ಯೂಟರಿನಲ್ಲಿಯೂ ತಪ್ಪಾಗಿಯೇ ಉಳಿದವು. ಅವನ್ನು ತಿದ್ದಲು ಕಂದಾಯ ಇಲಾಖೆಯು ಹೋಬಳಿ ಹೋಬಳಿಗಳಲ್ಲಿ ಅದಾಲತ್ ನಡೆಸಬೇಕಾಯಿತು. ಯಂತ್ರವು ದಾಖಲೆಗೆ ವೇಗ ಕೊಡುತ್ತದೆ, ಸತ್ಯವನ್ನು ಕೊಡುವುದಿಲ್ಲ. ಸತ್ಯವನ್ನು ಕೊಡಬೇಕಾದವನು ಬರೆಯುವವನು.

ಇನ್ನು ಎರಡನೆಯ ಕರ್ತವ್ಯ. ಕಾಪಾಡುವುದರಷ್ಟೇ ಮುಖ್ಯವಾದುದು ಮರೆಮಾಡುವುದು. ಕೈಚಾಚಿದವನ ಮುಖವನ್ನು ಮರೆಮಾಡಬೇಕೆಂಬುದು ನಮ್ಮ ದಾನದ ಶಿಷ್ಟಾಚಾರ. ದಾನವನ್ನು ಗುಟ್ಟಾಗಿ ಬಡವರಿಗೆ ಮುಟ್ಟಿಸುವುದನ್ನು ಹೆಚ್ಚು ಉತ್ತಮವೆಂದು ಕಲಿಸಿದ ಧರ್ಮದ ಅನುಯಾಯಿಗಳ ನಡುವೆ ಇಂದು ಏನು ನಡೆಯುತ್ತಿದೆ? ಆಹಾರದ ಕಿಟ್ ಹಿಡಿದ ವಿಧವೆಯ ಚಿತ್ರ ಫೇಸ್‌ಬುಕ್‌ನಲ್ಲಿ ಕಾಣಿಸುತ್ತದೆ. ನೆರವು ಪಡೆದವರ ಹೆಸರು, ಮನೆ, ಫೋನ್ ಸಂಖ್ಯೆ, ಮೊತ್ತ ಇರುವ ಪಟ್ಟಿಯು ಇನ್ನೂರು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡುತ್ತದೆ. ಕ್ಯಾನ್ಸರ್ ಪೀಡಿತ ಯುವತಿಯ ವೈದ್ಯಕೀಯ ವರದಿಯು ಚಂದಾ ಎತ್ತುವ ಕರಪತ್ರವಾಗುತ್ತದೆ. ಆಕೆ ಗುಣಮುಖಳಾಗಿ ಮದುವೆಯ ಮಾತು ಬಂದಾಗ ಆ ಕರಪತ್ರ ಇನ್ನೂ ಯಾರದೋ ಫೋನಿನಲ್ಲಿ ಜೀವಂತವಿರುತ್ತದೆ. ಹಸಿವು ಒಂದು ದಿನ ನೀಗುತ್ತದೆ, ಚಿತ್ರ ಅಳಿಯುವುದಿಲ್ಲ.

ಉದ್ದೇಶ ಒಳ್ಳೆಯದಿತ್ತು, ದಾನಿಗಳಿಗೆ ಲೆಕ್ಕ ತೋರಿಸಬೇಕಲ್ಲವೇ ಎಂಬ ಸಮರ್ಥನೆ ಕೇಳಿಬರುತ್ತದೆ. ಲೆಕ್ಕ ತೋರಿಸಲೇಬೇಕು, ಆದರೆ ಯಾವ ಲೆಕ್ಕವನ್ನು? ಎಷ್ಟು ಹಣ ಬಂತು, ಎಷ್ಟು ಕುಟುಂಬಗಳಿಗೆ ಹೋಯಿತು, ಯಾವ ಮಾನದಂಡದಲ್ಲಿ ಆರಿಸಲಾಯಿತು, ಪರಿಶೀಲಿಸಿದವರು ಯಾರು ಎಂಬುದನ್ನು ದಾನಿಯು ಕೇಳಬಹುದು. ಇಂಥ ಮನೆಯ ಇಂಥವಳು ತೆಗೆದುಕೊಂಡಳು ಎಂಬುದನ್ನು ತಿಳಿಯುವ ಅಧಿಕಾರ ಅವನಿಗಿಲ್ಲ. ಸಂಸ್ಥೆಯ ವ್ಯವಹಾರ ಬಯಲಲ್ಲಿರಬೇಕು, ವ್ಯಕ್ತಿಯ ಸಂಕಟ ತೆರೆಯ ಹಿಂದಿರಬೇಕು. ಎಷ್ಟೋ ಸಂಸ್ಥೆಗಳಲ್ಲಿ ಇದರ ವಿರುದ್ಧವೇ ನಡೆಯುತ್ತಿದೆ: ಜಮಾಖರ್ಚಿನ ಪುಸ್ತಕ ಯಾರಿಗೂ ತೋರಿಸದ ಗುಟ್ಟು, ಬಡವನ ಅರ್ಜಿ ಎಲ್ಲರೂ ಓದಬಹುದಾದ ಪತ್ರಿಕೆ!

ಮಾಹಿತಿ ಹರಡುವುದರಿಂದ ಮಾನ ಹೋಗುವುದು ಒಂದು ಅಪಾಯ. ಅದಕ್ಕಿಂತ ಭೀಕರವಾದ ಅಪಾಯವೊಂದನ್ನು ಚರಿತ್ರೆಯು ತೋರಿಸಿಕೊಟ್ಟಿದೆ. ನೆದರ್‌ಲ್ಯಾಂಡ್ಸ್ ದೇಶವು ತನ್ನ ಪ್ರಜೆಗಳ ಬಗ್ಗೆ ಅಚ್ಚುಕಟ್ಟಾದ ನೋಂದಣಿಯನ್ನು ಇಟ್ಟುಕೊಂಡಿತ್ತು. ಪ್ರತಿಯೊಬ್ಬರ ಚೀಟಿಯಲ್ಲಿ ಹೆಸರು, ವಿಳಾಸದ ಜೊತೆಗೆ ಧರ್ಮವೂ ದಾಖಲಾಗಿತ್ತು. ಅದನ್ನು ಮಾಡಿದವರಿಗೆ ಯಾವ ದುರುದ್ದೇಶವೂ ಇರಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆಯು ಆ ದೇಶವನ್ನು ಆಕ್ರಮಿಸಿತು. ಮರುವರ್ಷ ಯಹೂದಿಯರ ಪ್ರತ್ಯೇಕ ನೋಂದಣಿ ಕಡ್ಡಾಯವಾಯಿತು. ಅಲ್ಲಿದ್ದ ಸುಮಾರು 1.4 ಲಕ್ಷ ಯಹೂದಿಯರ ಪೈಕಿ 1 ಲಕ್ಷಕ್ಕೂ ಅಧಿಕ ಮಂದಿ ಹತ್ಯೆಗೀಡಾದರು. ಆ ದುರಂತಕ್ಕೆ ಕಾರಣಗಳು ಹಲವು. ಆದರೆ ಯಾರು ಎಲ್ಲಿದ್ದಾರೆಂದು ಹುಡುಕುವ ಶ್ರಮವನ್ನು ಆ ಅಚ್ಚುಕಟ್ಟಾದ ಚೀಟಿಗಳು ಹಗುರಗೊಳಿಸಿದವು ಎಂಬುದರಲ್ಲಿ ಅನುಮಾನವಿಲ್ಲ. 1943ರ ಮಾರ್ಚ್ 27ರಂದು ಪ್ರತಿರೋಧ ಚಳವಳಿಯ ಗುಂಪೊಂದು ಆಮ್‌ಸ್ಟರ್‌ಡಾಮ್‌ನ ನೋಂದಣಿ ಕಚೇರಿಗೆ ನುಗ್ಗಿ ಬೆಂಕಿಯಿಟ್ಟಿತು. ಒಂದಂಶ ಮಾತ್ರ ನಾಶವಾಯಿತು. ಅದನ್ನು ಮಾಡಿದವರಲ್ಲಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಕಾಗದದ ಚೀಟಿಗಳನ್ನು ಸುಡಲು ಜನರು ಪ್ರಾಣ ಕೊಟ್ಟರೆಂದರೆ ಆ ಚೀಟಿಗಳ ಶಕ್ತಿ ಎಷ್ಟಿರಬೇಕು?

ಅಷ್ಟು ದೂರ ಹೋಗುವುದೂ ಬೇಡ. 1984ರ ನವೆಂಬರ್‌ನಲ್ಲಿ ದೆಹಲಿಯ ಸಿಖ್ಖರ ಮನೆಗಳನ್ನು ಗುರುತಿಸಲು ಗಲಭೆಕೋರರು ಮತದಾರರ ಪಟ್ಟಿಯನ್ನು ಬಳಸಿದರೆಂದು ಸಂತ್ರಸ್ತರು ಹೇಳಿದ್ದಾರೆ. 2002ರ ಗುಜರಾತ್‌ನಲ್ಲಿ ದಾಳಿಕೋರರ ಕೈಯಲ್ಲಿ ಮುಸ್ಲಿಮರ ಮನೆ ಮತ್ತು ಅಂಗಡಿಗಳ ವಿಳಾಸವಿದ್ದ ಕಂಪ್ಯೂಟರ್ ಪ್ರತಿಗಳಿದ್ದವು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಅದೇ ವರ್ಷದ ತನ್ನ ವರದಿಯಲ್ಲಿ ದಾಖಲಿಸಿದೆ. ಮತದಾರರ ಪಟ್ಟಿ ಸಿದ್ಧವಾದದ್ದು ಮತಕ್ಕಾಗಿ. ಅದು ಕೊಲೆಗೆ ದಾರಿ ತೋರಿಸೀತೆಂದು ಅದನ್ನು ಬರೆದ ಶಿಕ್ಷಕನಿಗೆ ಗೊತ್ತಿತ್ತೇ?

ಹಾಗಾದರೆ ಪಟ್ಟಿಯೇ ಬೇಡವೇ? ಆ ತೀರ್ಮಾನವೂ ತಪ್ಪು. ಜನಗಣತಿಯಲ್ಲಿ ಧರ್ಮದ ಅಂಕಣ ಇಲ್ಲದಿರುತ್ತಿದ್ದರೆ ಮುಸ್ಲಿಮರ ಶಿಕ್ಷಣ ಮತ್ತು ಉದ್ಯೋಗದ ಸ್ಥಿತಿಯನ್ನು ಅಂಕಿ ಅಂಶಗಳ ಸಮೇತ ದೇಶದ ಮುಂದಿಡಲು ಸಾಚಾರ್ ಸಮಿತಿಗೆ ಸಾಧ್ಯವಾಗುತ್ತಿರಲಿಲ್ಲ. ಯಾರ ಎಣಿಕೆಯೂ ಇಲ್ಲದ ಜನರಿಗೆ ಯೋಜನೆಯೂ ಇರುವುದಿಲ್ಲ. ಆದ್ದರಿಂದ ಮಾಹಿತಿ ಬೇಕೇ ಬೇಡವೇ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಉದ್ದೇಶಕ್ಕೆ, ಎಷ್ಟು, ಯಾರ ಬಳಿ, ಎಷ್ಟು ಕಾಲ ಎಂದು ಕೇಳಬೇಕು. ಸಂಸ್ಥೆಯೊಂದರ ಮಾಹಿತಿ ಆಡಳಿತ ಎಂದರೆ ಈ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಇಟ್ಟುಕೊಳ್ಳುವುದು.

ದೇಶದ ಕಾನೂನೂ ಈಗ ಇದೇ ಪ್ರಶ್ನೆಗಳನ್ನು ಕೇಳತೊಡಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳು ಆ ಬಳಿಕ 18 ತಿಂಗಳಿಗೆ ಜಾರಿಗೆ ಬರುವಂತೆ ನಿಗದಿಯಾದವು. ಇದು ದೊಡ್ಡ ಕಂಪೆನಿಗಳಿಗೆ ಮಾತ್ರ ಎಂಬ ಭ್ರಮೆ ಬೇಡ. ನೋಂದಣಿಯಾಗಿರಲಿ ಇಲ್ಲದಿರಲಿ, ಜನರ ಕೂಟವೂ ಅದರ ವ್ಯಾಪ್ತಿಯೊಳಗಿದೆ. ಕಂಪ್ಯೂಟರಿಗೆ ಅಥವಾ ಮೊಬೈಲಿಗೆ ಏರಿಸಿದ ಮಾಹಿತಿಗೆ ಅದು ಅನ್ವಯಿಸುತ್ತದೆ. ಉದ್ದೇಶ ತಿಳಿಸಿ ಒಪ್ಪಿಗೆ ಪಡೆಯಬೇಕು, 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು, ಉದ್ದೇಶ ಮುಗಿದ ಮೇಲೆ ಅಳಿಸಬೇಕು, ಸೋರಿಕೆಯಾದರೆ ಸಂಬಂಧಪಟ್ಟವರಿಗೆ ತಿಳಿಸಬೇಕು ಎಂಬುದು ಅದರ ಸಾರಾಂಶ. ತಕ್ಕ ಸುರಕ್ಷೆ ಕೈಗೊಳ್ಳದವರಿಗೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಹಾಗಂತ ಈ ಕಾಯ್ದೆಯನ್ನು ಹಾಡಿಹೊಗಳಲೂ ಸಾಧ್ಯವಿಲ್ಲ. ಸರಕಾರವು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅದರಲ್ಲಿ ಅವಕಾಶವಿದೆ. ಅದಕ್ಕಿಂತ ಮಿಗಿಲಾಗಿ, 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಬಂಧವನ್ನು ಅದು ಬದಲಾಯಿಸಿತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿರದ ಅಥವಾ ಅನಗತ್ಯವಾಗಿ ಖಾಸಗಿ ಬದುಕಿಗೆ ನುಗ್ಗುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದೆಂದು ಅಲ್ಲಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣ ಸಾಕು. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂಬ ಇನ್ನೊಂದು ಉಪಬಂಧ ಉಳಿದಿದೆಯಾದರೂ ಭ್ರಷ್ಟ ಅಧಿಕಾರಿಯೊಬ್ಬನಿಗೆ ಅಡಗಿಕೊಳ್ಳಲು ಇದು ಗೋಡೆಯಾದೀತೆಂದು ಪತ್ರಕರ್ತರೂ ಮಾಹಿತಿ ಹಕ್ಕು ಕಾರ್ಯಕರ್ತರೂ ಎಚ್ಚರಿಸಿದ್ದಾರೆ. ಪ್ರಜೆಯು ಗಾಜಿನ ಮನೆಯಲ್ಲಿರಬೇಕು, ಪ್ರಭುತ್ವವು ಕೋಟೆಯೊಳಗಿರಬೇಕು ಎಂಬ ವ್ಯವಸ್ಥೆ ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ. ಆದರೆ ಪ್ರಭುತ್ವದತ್ತ ಈ ಬೊಟ್ಟು ಮಾಡುವ ನೈತಿಕ ಹಕ್ಕು ಯಾರಿಗಿದೆ? ತನ್ನ ಸಂಸ್ಥೆಯ ಲೆಕ್ಕವನ್ನು ಬಯಲಲ್ಲಿಟ್ಟು ಬಡವನ ಅರ್ಜಿಗೆ ಬೀಗ ಹಾಕಿದವನಿಗೆ.

ಹಾಗಾದರೆ ಮಾಡಬೇಕಾದುದೇನು? ಹೆಚ್ಚಿನ ಹಣ ಬೇಡದ, ನಾಳೆಯೇ ಆರಂಭಿಸಬಹುದಾದ ಕೆಲವು ಕ್ರಮಗಳನ್ನು ಸೂಚಿಸುತ್ತೇವೆ.

ಮೊದಲನೆಯದಾಗಿ, ಸಂಸ್ಥೆಯ ಬಳಿ ಯಾವ ಯಾವ ದಾಖಲೆಗಳಿವೆ, ಎಲ್ಲಿವೆ, ಯಾರ ಸುಪರ್ದಿಯಲ್ಲಿವೆ ಎಂಬ ಒಂದು ಪಟ್ಟಿ ಸಿದ್ಧವಾಗಲಿ. ದಾಖಲೆಗಳಿಗೆ ಒಬ್ಬರು ಹೊಣೆಗಾರರಿರಲಿ. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ. ಹೊಸ ಸಮಿತಿ ಬಂದಾಗ ಹಣದ ಜೊತೆಗೆ ಈ ಪಟ್ಟಿಯೂ ಸಹಿ ಮಾಡಿ ಹಸ್ತಾಂತರವಾಗಬೇಕು. ಹಳೆಯ ಕಾರ್ಯದರ್ಶಿಯ ಮನೆಯಲ್ಲಿ ಕಡತ, ಅವರ ಮಗನ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ, ಯಾರಿಗೂ ಗೊತ್ತಿಲ್ಲದ ಪಾಸ್‌ವರ್ಡ್ ಎಂಬ ಸ್ಥಿತಿ ಕೊನೆಗೊಳ್ಳಬೇಕು.

ಎರಡನೆಯದಾಗಿ, ಶಾಶ್ವತವಾಗಿ ಉಳಿಯಬೇಕಾದುದು ಯಾವುದು, ಕಾಲಮಿತಿಯದು ಯಾವುದು ಎಂದು ವಿಂಗಡಿಸಬೇಕು. ನಿಕಾಹ್, ಮರಣ, ವಕ್ಫ್, ಶಾಲಾ ದಾಖಲಾತಿ, ಮಹಾಸಭೆಯ ನಿರ್ಣಯ ಇವು ಶಾಶ್ವತ. ಲೆಕ್ಕಪತ್ರಗಳಿಗೆ ತೆರಿಗೆ ಕಾನೂನು ಹೇಳಿದಷ್ಟು ಕಾಲ. ನೆರವಿನ ಅರ್ಜಿ ಮತ್ತು ಅದರ ಜೊತೆಗಿನ ಪ್ರತಿಗಳು ಉದ್ದೇಶ ಮುಗಿದು ಲೆಕ್ಕ ಪರಿಶೋಧನೆ ಆಗುವವರೆಗೆ. ಬಳಿಕ ಅವನ್ನು ಹರಿದು ಚೂರು ಮಾಡಬೇಕು. ರದ್ದಿ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಮಾರಬಾರದು. ವಿಧವೆಯ ಅರ್ಜಿಯಲ್ಲಿ ನೆಲಗಡಲೆ ಕಟ್ಟಿ ಅವಳದೇ ಬೀದಿಯಲ್ಲಿ ಮಾರುವಂತಾಗಬಾರದು.

ಮೂರನೆಯದಾಗಿ, ಶಾಶ್ವತ ದಾಖಲೆಗಳ ಇನ್ನೊಂದು ಪ್ರತಿ ಬೇರೊಂದು ಕಟ್ಟಡದಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಕೊಡಗು ಮತ್ತು ಕೇರಳದ ನೆರೆ ಹಾಗೂ ಭೂಕುಸಿತಗಳಲ್ಲಿ ಮನೆಯೊಂದಿಗೆ ಕಾಗದವನ್ನೂ ಕಳೆದುಕೊಂಡವರ ಪಾಡನ್ನು ನಾವು ಕಂಡಿದ್ದೇವೆ. ಒಂದೇ ಕಪಾಟನ್ನು ನಂಬಿದ ಇತಿಹಾಸಕ್ಕೆ ಒಂದೇ ಮಳೆ ಸಾಕು.

ನಾಲ್ಕನೆಯದಾಗಿ, ಅರ್ಜಿ ನಮೂನೆಗಳನ್ನು ಪುನಃ ಓದಿ ನೋಡಿ. ಸಹಾಯಕ್ಕೆ ಅಗತ್ಯವಿಲ್ಲದ ಪ್ರಶ್ನೆಗಳನ್ನು ಹೊಡೆದುಹಾಕಿ. ಆಧಾರ್ ಪ್ರತಿ ಬೇಕೇ ಬೇಕೆಂದಿದ್ದರೆ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ, ಅದನ್ನು ಕೇಳಿ. ನೆರವಿನ ಅರ್ಜಿಗಳನ್ನು ಇಬ್ಬರು ಮೂವರು ಮಾತ್ರ ನೋಡಲಿ. ಸಮಿತಿಯ ಮುಂದೆ ಹೆಸರಿನ ಬದಲು ಸಂಖ್ಯೆ ಬರಲಿ.

ಐದನೆಯದಾಗಿ, ತನ್ನ ಬಗ್ಗೆ ಏನು ಬರೆದಿದೆ ಎಂದು ನೋಡುವ, ತಪ್ಪಿದ್ದರೆ ತಿದ್ದಿಸುವ, ಪ್ರತಿ ಪಡೆಯುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗಿರಬೇಕು. ವಿಶೇಷವಾಗಿ ನಿಕಾಹ್ ದಾಖಲೆಯ ಪ್ರತಿಯು ಮದುವೆಯ ದಿನವೇ ವಧುವಿನ ಕೈಗೂ ಸೇರಬೇಕು. ಕೇಳಲು ಬಂದ ಮಹಿಳೆಯನ್ನು ನಿನ್ನ ಗಂಡನನ್ನು ಕಳುಹಿಸು ಎಂದು ಹಿಂದಕ್ಕೆ ಕಳುಹಿಸುವುದು ಅನ್ಯಾಯ. ಎಷ್ಟೋ ಸಂದರ್ಭಗಳಲ್ಲಿ ಅವಳು ಬಂದಿರುವುದೇ ಆ ಗಂಡನ ಕಾರಣದಿಂದ. ದಾಖಲೆಗಳ ಮೇಲ್ವಿಚಾರಣೆಯಲ್ಲಿ ಮಹಿಳೆಯರೂ ಇದ್ದರೆ ಇಂಥ ತೊಡಕುಗಳು ತಾವಾಗಿ ಕಡಿಮೆಯಾಗುತ್ತವೆ.

ಆರನೆಯದಾಗಿ, ಹೊರಗಿನವರು ಪಟ್ಟಿ ಕೇಳಿದಾಗ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿ. ಚುನಾವಣೆ ಹತ್ತಿರವಾದಾಗ ಅಭ್ಯರ್ಥಿಯ ಕಡೆಯವರು ಬರುತ್ತಾರೆ, ವಿಮಾ ಏಜೆಂಟರು ಬರುತ್ತಾರೆ, ಸಮೀಕ್ಷೆಯ ಹೆಸರಿನಲ್ಲಿ ಅಪರಿಚಿತರು ಬರುತ್ತಾರೆ. ಜಮಾಅತ್ ಸದಸ್ಯರು ಹೆಸರು, ಫೋನ್ ಸಂಖ್ಯೆ ಕೊಟ್ಟದ್ದು ಜಮಾಅತ್‌ಗೆ, ಯಾವ ಪಕ್ಷಕ್ಕೂ ಅಲ್ಲ. ಅಭ್ಯರ್ಥಿ ಎಷ್ಟೇ ಆಪ್ತನಾಗಿರಲಿ, ಉತ್ತರ ಇಲ್ಲ ಎಂದೇ ಇರಲಿ. ಸರಕಾರಿ ಅಧಿಕಾರಿ ಕೇಳಿದರೆ ಯಾವ ಕಾನೂನಿನ ಯಾವ ಅಧಿಕಾರದಿಂದ ಎಂದು ಬರವಣಿಗೆಯಲ್ಲಿ ಪಡೆದು, ಕೇಳಿದಷ್ಟನ್ನೇ ಕೊಟ್ಟು, ಕೊಟ್ಟುದನ್ನು ದಾಖಲಿಸಿ. ಕಾನೂನಿಗೆ ಸಹಕರಿಸುವುದು ನಾಗರಿಕ ಧರ್ಮ. ಕೇಳಿದವರಿಗೆಲ್ಲ ಕಪಾಟು ತೆರೆಯುವುದು ಅಮಾನತ್ತಿನ ದ್ರೋಹ.

ಕೊನೆಯದಾಗಿ, ಸಂಸ್ಥೆಯ ಆದಾಯ ವೆಚ್ಚ, ಸೊತ್ತು, ಬಾಡಿಗೆ, ಗುತ್ತಿಗೆ, ನಿರ್ಣಯಗಳು ಪ್ರತಿ ವರ್ಷ ಸೂಚನಾ ಫಲಕದಲ್ಲಿ ಎಲ್ಲರೂ ಓದುವಂತೆ ಪ್ರಕಟವಾಗಲಿ. ವಕ್ಫ್ ಅಂಗಡಿಯ ಬಾಡಿಗೆ ಎಷ್ಟು, ಅದು ಯಾರಿಗೆ ಎಷ್ಟು ವರ್ಷಕ್ಕೆ ಎಂಬುದನ್ನು ತಿಳಿದುಕೊಳ್ಳುವ ಹಕ್ಕು ಊರಿನ ಅತ್ಯಂತ ಬಡ ಸದಸ್ಯನಿಗೂ ಇದೆ.

ಸಹೋದರ ಸಹೋದರಿಯರೇ, ಇದು ಕೇವಲ ಕಚೇರಿ ನಿರ್ವಹಣೆಯ ಪಾಠವೆಂದು ಭಾವಿಸಬೇಡಿ. ಒಬ್ಬ ಸ್ವಾಭಿಮಾನಿ ತನ್ನ ಬಡತನವನ್ನು, ಒಬ್ಬ ತಾಯಿ ತನ್ನ ಮಗಳ ಕಾಯಿಲೆಯನ್ನು, ಒಬ್ಬ ಪತ್ನಿ ತನ್ನ ಮನೆಯೊಳಗಿನ ಹಿಂಸೆಯನ್ನು ಬಾಯಿಬಿಟ್ಟು ಹೇಳುವುದು ಸಂಸ್ಥೆಯ ಮೇಲಿನ ಭರವಸೆಯಿಂದ. ಆ ಭರವಸೆ ಒಮ್ಮೆ ಮುರಿದರೆ ಅವರು ಇನ್ನೊಮ್ಮೆ ಬರುವುದಿಲ್ಲ. ಹಸಿದೇ ಇರುತ್ತಾರೆ, ಚಿಕಿತ್ಸೆಯಿಲ್ಲದೆ ಇರುತ್ತಾರೆ, ಹೊಡೆತ ತಿಂದುಕೊಂಡೇ ಇರುತ್ತಾರೆ. ನಮ್ಮ ಸಂಸ್ಥೆಗಳು ಎಷ್ಟು ಎತ್ತರದ ಕಟ್ಟಡ ಕಟ್ಟಿದವು ಎಂಬುದನ್ನು ಜನರು ನಾಲ್ಕು ದಿನ ಹೊಗಳಿಯಾರು. ಆದರೆ ಒಬ್ಬ ವಿಧವೆ ನಲವತ್ತು ವರ್ಷಗಳ ಬಳಿಕ ಬಂದು ಕೇಳಿದಾಗ ಅವಳ ಹೆಸರಿನ ಪುಟ ಹರಿಯದೆ ಸಿಗಬೇಕು. ಆ ನಲವತ್ತು ವರ್ಷಗಳಲ್ಲಿ ಅವಳ ಕಷ್ಟದ ಮಾತು ಆ ಕೋಣೆಯ ಬಾಗಿಲು ದಾಟಿರಬಾರದು. ಈ ಎರಡನ್ನೂ ಮಾಡಿ ತೋರಿಸಿದ ಸಂಸ್ಥೆಗೆ ಮಾತ್ರ ಸಮುದಾಯದ ಹೆಸರು ಹೇಳುವ ಯೋಗ್ಯತೆಯಿದೆ. ಆ ಯೋಗ್ಯತೆಯನ್ನು ಗಳಿಸುವ ಕೆಲಸವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಕಪಾಟಿನಿಂದ ಆರಂಭಿಸೋಣ.